ಎತ್ತಿನ ನಾಲಿಗೆಗೆ ಸಿಗುವಷ್ಟು ಹುಲ್ಲು

ದನ ಮೇಯುವುದನ್ನು ಹತ್ತಿರ ಕೂತು ನೋಡಿದ್ದೀರಾ? ಕುರಿಯ ಹಾಗೆ ಅದು ಹುಲ್ಲನ್ನು ಬುಡದವರೆಗೆ ಕತ್ತರಿಸುವುದಿಲ್ಲ. ದನಕ್ಕೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲೇ ಇಲ್ಲ. ನಾಲಿಗೆ ಚಾಚಿ, ಒಂದು ಹಿಡಿ ಹುಲ್ಲನ್ನು ಸುತ್ತಿಕೊಂಡು ಬಾಯೊಳಗೆ ಎಳೆದು, ಕತ್ತನ್ನು ಚೂರು ಕೊಸರಿ ಕಿತ್ತುಕೊಳ್ಳುತ್ತದೆ. ಆಗ ಬರುವ ಆ ‘ಪರ್ ಪರ್’ ಸದ್ದು ಕೊಟ್ಟಿಗೆಯ ಜೊತೆ ಬೆಳೆದವರಿಗೆ ಮರೆಯುವುದಿಲ್ಲ. ಹೀಗೆ ಮೇಯಬೇಕಾದರೆ ನಾಲಿಗೆ ಸುತ್ತುವಷ್ಟಾದರೂ ಹುಲ್ಲು ಎದ್ದಿರಬೇಕು. ಮೊದಲ ಮಳೆ ಬಿದ್ದ ವಾರ ಬಯಲೆಲ್ಲ ಹಸಿರಾಗಿ ಕಂಡರೂ ದನದ ಹೊಟ್ಟೆ ಮಾತ್ರ ಒಳಗೆ ಹೋಗಿರುತ್ತದಲ್ಲ, ಕಾರಣ ಇದೇ.

ಹತ್ತೊಂಬತ್ತನೇ ಶತಮಾನದ ನಡುಭಾಗದಲ್ಲಿ ಅಮೆರಿಕದ ಮೂರು ಲಕ್ಷಕ್ಕೂ ಹೆಚ್ಚು ಜನರ ಬದುಕು ಈ ಒಂದು ಅಳತೆಯ ಮೇಲೆ ನಿಂತಿತ್ತು. ಮಿಸೌರಿ ನದಿಯ ಬಳಿಯ ಇಂಡಿಪೆಂಡೆನ್ಸ್‌ನಂಥ ಊರುಗಳಿಂದ ಹೊರಟು, ಪ್ಲಾಟ್ ನದಿಯ ದಂಡೆ ಹಿಡಿದು, ಸೌತ್ ಪಾಸ್ ಎಂಬ ಕಣಿವೆಯಲ್ಲಿ ರಾಕಿ ಪರ್ವತ ದಾಟಿ, ಪಶ್ಚಿಮದ ಓರೆಗಾನ್‌ಗೆ ಇಲ್ಲವೇ ಕ್ಯಾಲಿಫೋರ್ನಿಯಾಕ್ಕೆ ಹೋದವರು ಇವರು. ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚಿನ ದಾರಿ. 1843ರಲ್ಲಿ ಸುಮಾರು ಸಾವಿರ ಜನರ ಮೊದಲ ದೊಡ್ಡ ತಂಡ ಹೊರಟಿತು. 1849ರಲ್ಲಿ ಕ್ಯಾಲಿಫೋರ್ನಿಯಾದ ಚಿನ್ನದ ಸುದ್ದಿ ಹಬ್ಬಿದ ಮೇಲೆ ಅದು ಜನಪ್ರವಾಹವಾಯಿತು. 1869ರಲ್ಲಿ ರೈಲು ಬಂದು ಗಾಡಿಗಳ ಕಾಲ ಮುಗಿಯಿತು.

ಈ ಕಥೆಯನ್ನು ಸಾಮಾನ್ಯವಾಗಿ ಬಂದೂಕು, ಬೆಟ್ಟ, ಎದೆಗಾರಿಕೆಗಳ ಕಥೆಯಾಗಿ ಹೇಳುತ್ತಾರೆ. ಅವರು ಬರೆದಿಟ್ಟ ದಿನಚರಿಗಳನ್ನು ತೆರೆದರೆ ಪುಟಪುಟದಲ್ಲೂ ಕಣ್ಣಿಗೆ ಬೀಳುವುದು ಮೂರು ಸಂಗತಿ: ನೀರು ಸಿಕ್ಕಿತೇ, ಉರುವಲು ಸಿಕ್ಕಿತೇ, ಹುಲ್ಲು ಹೇಗಿತ್ತು. ಹುಲ್ಲಿನ ಮಾತು ಯಾಕೆ ಅಷ್ಟು ಸಲ ಬರುತ್ತದೆ ಎಂದು ತಿಳಿಯಲು ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ.

ಗಾಡಿಯ ತೊಟ್ಟಿ ಸುಮಾರು ಹತ್ತು ಅಡಿ ಉದ್ದ, ನಾಲ್ಕಡಿ ಅಗಲ. ಹೊರಬಹುದಾದ ಭಾರ ಹೆಚ್ಚೆಂದರೆ ಒಂದು ಟನ್ನಿನ ಆಸುಪಾಸು. ದೊಡ್ಡವರೊಬ್ಬರಿಗೆ ತೊಂಬತ್ತು ಕಿಲೊ ಹಿಟ್ಟು, ಅರವತ್ತು ಎಪ್ಪತ್ತು ಕಿಲೊ ಉಪ್ಪುಹಾಕಿದ ಹಂದಿಮಾಂಸ, ಮೇಲೆ ಸಕ್ಕರೆ, ಕಾಫಿ, ಉಪ್ಪು ಬೇಕು ಎಂಬುದು ಆಗಿನ ಅಂದಾಜು. ನಾಲ್ಕು ಜನರ ಸಂಸಾರವಾದರೆ ಅನ್ನದ ಸಾಮಾನಿಗೇ ಗಾಡಿಯ ಬಹುಪಾಲು ತುಂಬಿತು. ಇನ್ನು ಎಳೆಯುವವರ ಪಾಲು. ಮೂರು ಜೊತೆ, ಅಂದರೆ ಆರು ಎತ್ತು. ದಿನಕ್ಕೆ ಒಂದೊಂದಕ್ಕೆ ಹತ್ತು ಕಿಲೊ ಒಣಮೇವು ಅಂತಿಟ್ಟುಕೊಂಡರೂ ದಿನವೊಂದಕ್ಕೆ ಅರವತ್ತು ಕಿಲೊ. ಐದು ತಿಂಗಳ ಪ್ರಯಾಣಕ್ಕೆ ಒಂಬತ್ತು ಟನ್. ಆ ಮೇವನ್ನು ಹೊತ್ತೊಯ್ಯಲು ಇನ್ನೂ ಒಂಬತ್ತು ಗಾಡಿ, ಆ ಒಂಬತ್ತು ಗಾಡಿಗಳ ಎತ್ತುಗಳಿಗೆ ಮತ್ತಷ್ಟು ಮೇವು, ಅದಕ್ಕೆ ಮತ್ತಷ್ಟು ಗಾಡಿ. ಲೆಕ್ಕ ಎಲ್ಲಿಯೂ ನಿಲ್ಲುವುದಿಲ್ಲ. ಮೇವು ದಾರಿಯ ಮೇಲೆಯೇ ಬೆಳೆದು ನಿಂತಿದ್ದರೆ ಮಾತ್ರ ಈ ಪ್ರಯಾಣ ಸಾಧ್ಯ. ಅದು ಬೆಳೆದು ನಿಂತಿತ್ತು. ಸಾವಿರಾರು ಕಿಲೋಮೀಟರ್ ಉದ್ದಕ್ಕೆ, ಯಾರೂ ಬಿತ್ತದೆ, ಯಾರೂ ದುಡ್ಡು ಕೇಳದೆ.

ಎತ್ತನ್ನೇ ಹೆಚ್ಚಿನವರು ಆರಿಸಿಕೊಂಡದ್ದಕ್ಕೂ ಹುಲ್ಲೇ ಕಾರಣ. ಕುದುರೆ ಬೇಗ ನಡೆಯುತ್ತದೆ, ಆದರೆ ದಿನವಿಡೀ ಭಾರ ಎಳೆಯುವ ಕುದುರೆಗೆ ಬರೀ ಹುಲ್ಲು ಸಾಲದು, ಕಾಳು ಬೇಕು. ಎತ್ತಿನ ಹೊಟ್ಟೆಯ ಮೊದಲ ಕೋಣೆ ಒಂದು ದೊಡ್ಡ ಹುದುಗುಪಾತ್ರೆ ಇದ್ದಂತೆ. ಅಲ್ಲಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು ಒರಟು ನಾರನ್ನೂ ಒಡೆದು ಶಕ್ತಿಯಾಗಿಸುತ್ತವೆ. ಮಧ್ಯಾಹ್ನ ಗಾಡಿ ನಿಲ್ಲಿಸಿ ನೊಗ ಇಳಿಸಿದರೆ ಗಬಗಬ ತುಂಬಿಕೊಂಡು, ಆಮೇಲೆ ಮಲಗಿ ಮೆಲುಕು ಹಾಕುತ್ತದೆ. ಗಂಟೆಗೆ ಮೂರು ಕಿಲೋಮೀಟರ್, ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್. ಜನರೂ ಅದೇ ಹೆಜ್ಜೆಯಲ್ಲಿ ಪಕ್ಕಕ್ಕೆ ನಡೆದರು. ಸ್ಪ್ರಿಂಗ್ ಇಲ್ಲದ ಗಾಡಿಯಲ್ಲಿ ಕೂತರೆ ಮೈ ನುಗ್ಗಾಗುತ್ತಿತ್ತು, ಎತ್ತಿಗೂ ಭಾರ. ಸೀಳುಗೊರಸಿನ ಎತ್ತಿಗೆ ಕಾಲೊಂದಕ್ಕೆ ಎರಡರಂತೆ ಎಂಟು ಲಾಳ ಬೇಕು ಎನ್ನುವುದು ನಮ್ಮ ಸಂತೆಗಳಲ್ಲಿ ಲಾಳ ಕಟ್ಟುವುದನ್ನು ಕಂಡವರಿಗೆ ಹೊಸತಲ್ಲ. ಆ ದಾರಿಯಲ್ಲಿ ಲಾಳ ಮುಗಿದಾಗ ಸವೆದ ಗೊರಸಿಗೆ ಚರ್ಮದ ಚೀಲ ಕಟ್ಟಿ ನಡೆಸಿದ್ದೂ ಉಂಟು.

ಹೊರಡುವ ದಿನವನ್ನು ಗೊತ್ತುಮಾಡುತ್ತಿದ್ದುದೂ ಹುಲ್ಲೇ. ಏಪ್ರಿಲ್‌ನಲ್ಲಿ ಮಿಸೌರಿ ದಂಡೆಯ ಮೇಲೆ ಸಾವಿರಾರು ಸಂಸಾರ ಗಾಡಿ ಸಜ್ಜುಮಾಡಿಕೊಂಡು ಕಾಯುತ್ತಿದ್ದವು. ಬೇಗ ಹೊರಟರೆ ಮುಂದಿನ ಬಯಲಲ್ಲಿ ಹುಲ್ಲು ಇನ್ನೂ ಎದ್ದಿರುವುದಿಲ್ಲ, ಎತ್ತು ಸೊರಗುತ್ತದೆ. ತಡವಾದರೆ ಅಕ್ಟೋಬರ್ ಕೊನೆಗೆ ಪಶ್ಚಿಮದ ಬೆಟ್ಟಗಳಲ್ಲಿ ಹಿಮ ಬಿದ್ದು ದಾರಿ ಮುಚ್ಚುತ್ತದೆ. ಒಂದು ಕಡೆ ಹುಲ್ಲು, ಇನ್ನೊಂದು ಕಡೆ ಹಿಮ, ನಡುವೆ ಆರು ತಿಂಗಳು. ಇಂದಿನ ವಯೋಮಿಂಗ್‌ನಲ್ಲಿರುವ ಒಂದು ದೊಡ್ಡ ಬಂಡೆಗೆ ಇಂಡಿಪೆಂಡೆನ್ಸ್ ರಾಕ್ ಎಂದು ಹೆಸರು. ಜುಲೈ 4ರ ಹೊತ್ತಿಗೆ ಅಲ್ಲಿಗೆ ತಲುಪಿದ್ದರೆ ಲೆಕ್ಕ ಸರಿಯಿದೆ ಎಂದರ್ಥ. 1846ರಲ್ಲಿ ಡಾನರ್ ತಂಡದವರು ಒಳದಾರಿ ಹಿಡಿದು ಸಾಲ್ಟ್ ಲೇಕ್‌ನ ಪಶ್ಚಿಮದ ಉಪ್ಪುಬಯಲಿಗೆ ಇಳಿದರು. ನೀರಿಲ್ಲ, ಒಂದೆಳೆ ಹುಲ್ಲಿಲ್ಲ. ಮೂವತ್ತಕ್ಕೂ ಹೆಚ್ಚು ಎತ್ತುಗಳು ಕೈತಪ್ಪಿ ಹೋದವು, ವಾರಗಳು ಕಳೆದುಹೋದವು. ಸಿಯೆರಾ ನೆವಾಡಾ ತಲುಪುವಷ್ಟರಲ್ಲಿ ಹಿಮ. 87 ಜನರಲ್ಲಿ ಅರ್ಧಕ್ಕೆ ಹತ್ತಿರ ಜನ ಸತ್ತರು. ಉಳಿದವರಲ್ಲಿ ಕೆಲವರು ಸತ್ತವರ ಮಾಂಸ ತಿಂದು ಬದುಕಿದರು. ಆ ಭಯಾನಕ ಸಂಗತಿಯನ್ನಷ್ಟೇ ಲೋಕ ನೆನಪಿಟ್ಟುಕೊಂಡಿದೆ. ಆದರೆ ಆ ದುರಂತ ಶುರುವಾದದ್ದು ಹಿಮದಲ್ಲಲ್ಲ, ಹುಲ್ಲಿಲ್ಲದ ಆ ಉಪ್ಪುನೆಲದಲ್ಲಿ.

ಹುಲ್ಲುಬಯಲು ಎಂದರೆ ಒಂದೇ ಥರದ್ದಲ್ಲ. ಪೂರ್ವದ ಕಾನ್ಸಾಸ್‌ನಲ್ಲಿ ಆಳೆತ್ತರ ಮೀರುವ ಬಿಗ್ ಬ್ಲೂಸ್ಟೆಮ್. ಪಶ್ಚಿಮಕ್ಕೆ ಹೋದಂತೆ ಮಳೆ ಕಡಿಮೆಯಾಗುತ್ತ, ಹುಲ್ಲು ಮೊಣಕಾಲಿಗೆ ಇಳಿದು, ಕೊನೆಗೆ ನೆಲಕ್ಕಂಟಿದ ಬಫಲೊ ಗ್ರಾಸ್ ಮತ್ತು ಬ್ಲೂ ಗ್ರಾಮಾ ಎಂಬ ಗಿಡ್ಡ ಜಾತಿಗಳು. ರಾಕಿ ಪರ್ವತಗಳು ಪಶ್ಚಿಮದ ತೇವದ ಗಾಳಿಯನ್ನು ತಡೆಯುವುದರಿಂದ ಅವುಗಳ ಹಿಂದಿನ ಬಯಲು ಮಳೆನೆರಳಿನಲ್ಲಿದೆ. ಆಗುಂಬೆಯ ಮಳೆ ಚಳ್ಳಕೆರೆಯಲ್ಲಿ ಯಾಕಿಲ್ಲವೋ ಅದೇ ಕಾರಣ. ಗಿಡ್ಡ ಹುಲ್ಲನ್ನು ಕಂಡು ವಲಸಿಗರು ಮೊದಮೊದಲು ಹೆದರಿದರೂ ಎತ್ತುಗಳು ಅದನ್ನು ಮೇಯ್ದು ಚೆನ್ನಾಗಿಯೇ ನಡೆದವು. ಒಣ ನೆಲದ ಈ ಹುಲ್ಲು ನಿಂತಲ್ಲೇ ಒಣಗಿದರೂ ಸತ್ವ ಕಳೆದುಕೊಳ್ಳುವುದು ಕಡಿಮೆ.

ಮರವಿಲ್ಲದ ಬಯಲಲ್ಲಿ ಒಲೆ ಉರಿದದ್ದೂ ಹುಲ್ಲಿನಿಂದಲೇ. ಬೈಸನ್ ಎಂಬ ಭಾರೀ ಕಾಡುದನಗಳು ಆಗ ಅಲ್ಲಿ ಕೋಟಿಗಟ್ಟಲೆ ಮೇಯುತ್ತಿದ್ದವು. ಅವುಗಳ ಒಣಗಿದ ಸಗಣಿಯನ್ನು ಹೆಂಗಸರು ಮಕ್ಕಳು ನಡೆಯುತ್ತಲೇ ಉಡಿಯಲ್ಲಿ ಆಯ್ದುಕೊಳ್ಳುತ್ತಿದ್ದರು. ಬೆರಣಿಯ ಬೆಂಕಿಯಲ್ಲಿ ರೊಟ್ಟಿ ಬೇಯಿಸಿದ ನಮ್ಮ ಹಿರಿಯರಿಗೆ ಇದರಲ್ಲಿ ಅಚ್ಚರಿಯಿಲ್ಲ. ಪೂರ್ವದ ಪಟ್ಟಣಗಳಿಂದ ಬಂದ ಆ ಹೆಂಗಸರು ಮೊದಲ ದಿನ ಮೂಗು ಮುಚ್ಚಿ, ವಾರ ಕಳೆಯುವಷ್ಟರಲ್ಲಿ ಒಳ್ಳೆಯ ಒಣಸಗಣಿ ಯಾವುದೆಂದು ಮುಟ್ಟಿ ನೋಡಿ ಆರಿಸುವಷ್ಟು ಪಳಗಿದರು.

1849ರಿಂದ 1852ರವರೆಗೆ ದಾರಿಯ ಮೇಲೆ ನೂಕುನುಗ್ಗಲು. ಇಲ್ಲಿಂದ ಹುಲ್ಲಿನ ಇನ್ನೊಂದು ಗುಣ ತಿಳಿಯಬೇಕು. ಹುಲ್ಲಿನ ಚಿಗುರುವ ಕಣ್ಣು ಇರುವುದು ತುದಿಯಲ್ಲಲ್ಲ, ನೆಲಕ್ಕೆ ಹತ್ತಿರ, ಬುಡದಲ್ಲಿ. ಅದಕ್ಕೇ ಮೇಯ್ದರೂ, ಸುಟ್ಟರೂ, ತುಳಿದರೂ ಮತ್ತೆ ಎದ್ದೇಳುತ್ತದೆ. ಗರಿಕೆಯಂತೆ ಹಬ್ಬಲಿ ಎಂದು ನಾವು ಹರಸುವುದು ಸುಮ್ಮನೆ ಅಲ್ಲ. ಆದರೆ ಮತ್ತೆ ಎದ್ದೇಳಲು ಅದು ಬುಡ ಮತ್ತು ಬೇರುಗಳಲ್ಲಿ ಕೂಡಿಟ್ಟ ಗಂಟನ್ನು ಬಿಚ್ಚಬೇಕು. ಅರ್ಧ ಎಲೆ ಉಳಿಸಿ ಮೇಯ್ದರೆ ಬೇರು ಬೆಳೆಯುತ್ತಲೇ ಇರುತ್ತದೆ. ಅದಕ್ಕಿಂತ ಹೆಚ್ಚು ಮೇಯ್ದರೆ ಬೇರಿನ ಬೆಳವಣಿಗೆ ನಿಲ್ಲುತ್ತದೆ. ಎದ್ದ ಚಿಗುರನ್ನು ಮತ್ತೆ ಮತ್ತೆ ಮೇಯುತ್ತ ಹೋದರೆ ಗಂಟು ಖಾಲಿಯಾಗಿ ಬುಡವೇ ಸಾಯುತ್ತದೆ. ಬೈಸನ್ ಹಿಂಡು ಮೇಯ್ದು ಮುಂದೆ ಹೋಗುತ್ತಿತ್ತು, ಹುಲ್ಲಿಗೆ ಉಸಿರಾಡಲು ಸಮಯ ಸಿಗುತ್ತಿತ್ತು. ಗಾಡಿಗಳದು ಹಾಗಲ್ಲ. ಇವತ್ತಿನ ಎತ್ತು ಬಿಟ್ಟದ್ದನ್ನು ನಾಳೆಯ ಎತ್ತು, ಅದು ಬಿಟ್ಟದ್ದನ್ನು ನಾಡಿದ್ದಿನದು. ಮುಂದೆ ಹೋದವರಿಗೆ ಮೇವು, ಹಿಂದೆ ಬಂದವರಿಗೆ ಧೂಳು. ದಾರಿ ಅಗಲವಾಗುತ್ತ ಹೋಯಿತು. ಮೇವಿಗಾಗಿ ರಾತ್ರಿ ಎತ್ತುಗಳನ್ನು ದಾರಿಯಿಂದ ಕಿಲೋಮೀಟರುಗಟ್ಟಲೆ ದೂರ ಹೊಡೆದುಕೊಂಡು ಹೋಗಿ ಕಾವಲು ಕಾಯಬೇಕಾಯಿತು. ಅದೇ ವರ್ಷಗಳಲ್ಲಿ ಕಾಲರಾ ಬೇರೆ. ಜನರನ್ನು ಅತಿ ಹೆಚ್ಚು ಕೊಂದದ್ದು ಆ ರೋಗವೇ.

ಹುಲ್ಲಿನ ಬೆಲೆ ಎಷ್ಟೆಂದು ಈ ಜನ ಕಣ್ಣಾರೆ ಕಂಡ ಜಾಗ ಒಂದಿದೆ. ಕ್ಯಾಲಿಫೋರ್ನಿಯಾ ಕವಲಿನಲ್ಲಿ, ನೆವಾಡಾದ ಹಂಬೋಲ್ಟ್ ನದಿ ಮರಳಿನಲ್ಲಿ ಇಂಗಿಹೋಗುವ ಮುಂಚೆ ಒಂದು ಜೌಗು ಹುಲ್ಲುಗಾವಲು ಸಿಗುತ್ತದೆ. ಬಿಗ್ ಮೆಡೋಸ್ ಎಂದು ಕರೆಯುತ್ತಿದ್ದರು. ಇಂದಿನ ಲವ್‌ಲಾಕ್ ಊರಿನ ಬಳಿ. ಅದರಾಚೆ ಅರವತ್ತೈದು ಕಿಲೋಮೀಟರ್ ಮರುಭೂಮಿ. ಎಲ್ಲರೂ ಅಲ್ಲಿ ಒಂದೆರಡು ದಿನ ನಿಂತರು. ನೀರಲ್ಲಿ ನಿಂತು, ಕುಡುಗೋಲು ಇದ್ದವರು ಕುಡುಗೋಲಿನಿಂದ, ಇಲ್ಲದವರು ಅಡುಗೆಯ ಚಾಕುವಿನಿಂದ ಹುಲ್ಲು ಕೊಯ್ದರು, ಬಿಸಿಲಲ್ಲಿ ಒಣಗಿಸಿದರು, ಕಟ್ಟು ಕಟ್ಟಿ ಗಾಡಿಗೆ ತುಂಬಿದರು. ಜಾಗ ಸಾಲದಿದ್ದರೆ ಊರಿಂದ ತಂದ ಪೆಟ್ಟಿಗೆ, ಕುರ್ಚಿಗಳನ್ನು ಇಳಿಸಿ ಅಲ್ಲೇ ಬಿಟ್ಟರು. ಅಜ್ಜಿಯ ಕಾಲದ ಬೀರುವಿಗಿಂತ ಒಂದು ಹೊರೆ ಹುಲ್ಲು ದೊಡ್ಡದು ಎಂದು ಅಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಿರಲಿಲ್ಲ. ಆದರೂ ಆ ಮರುಭೂಮಿ ಎಷ್ಟು ಜೀವ ತಿಂದಿತೆಂದರೆ 1850ರ ಒಂದು ಎಣಿಕೆಯಲ್ಲಿ ಅಲ್ಲಿ ಸತ್ತುಬಿದ್ದಿದ್ದ ದನಗಳೇ 3,750. ಮನುಷ್ಯರ ಗೋರಿ 953.

ಇಷ್ಟು ಹುಲ್ಲು ಯಾರದ್ದು ಎಂಬ ಪ್ರಶ್ನೆಯನ್ನು ದಾರಿಯ ಮೇಲೆ ಹೆಚ್ಚು ಜನ ಕೇಳಿಕೊಂಡಂತಿಲ್ಲ. ಅದು ಪಾನೀ, ಲಕೋಟ, ಶೈಯೆನ್, ಅರಾಪಾಹೊ, ಶೋಶೋನಿ ಎಂಬ ಮೂಲನಿವಾಸಿ ಜನರ ನೆಲ. ಅವರಿಗೆ ಕುದುರೆ ಇತ್ತು, ಕುದುರೆಗೆ ಹುಲ್ಲು ಬೇಕಿತ್ತು, ಅವರ ಅನ್ನವಾದ ಬೈಸನ್‌ಗೂ ಅದೇ ಹುಲ್ಲು. ದಾರಿಯ ಎರಡೂ ಬದಿ ಬೋಳಾಗಿ, ಬೈಸನ್ ದೂರ ಸರಿದಾಗ ಅವರು ದೂರು ಹೇಳಿದರು. 1851ರಲ್ಲಿ ಅಮೆರಿಕ ಸರ್ಕಾರ ಫೋರ್ಟ್ ಲ್ಯಾರಮಿಯಲ್ಲಿ ಒಪ್ಪಂದದ ಸಭೆ ಕರೆಯಿತು. ಸುಮಾರು ಹತ್ತು ಸಾವಿರ ಜನ ತಮ್ಮ ಕುದುರೆಗಳೊಂದಿಗೆ ಬಂದರು. ಕೋಟೆಯ ಸುತ್ತ ಅಷ್ಟು ಕುದುರೆಗಳಿಗೆ ಹುಲ್ಲೇ ಉಳಿದಿರಲಿಲ್ಲ! ಹುಲ್ಲು ಹಾಳಾದದ್ದಕ್ಕೆ ಪರಿಹಾರ ಮಾತಾಡಲು ಸೇರಿದ ಸಭೆಯನ್ನು ಹುಲ್ಲಿಲ್ಲವೆಂದೇ ಐವತ್ತು ಕಿಲೋಮೀಟರಿಗೂ ದೂರದ ಹಾರ್ಸ್ ಕ್ರೀಕ್ ಹಳ್ಳದ ಬಳಿಗೆ ಕೊಂಡೊಯ್ಯಬೇಕಾಯಿತು. ವರ್ಷಕ್ಕೆ 50,000 ಡಾಲರಿನಂತೆ ಐವತ್ತು ವರ್ಷ ಕೊಡುವ ಮಾತಾಯಿತು. ಸೆನೆಟ್ ಅದನ್ನು ಹತ್ತು ವರ್ಷಕ್ಕೆ ಇಳಿಸಿತು. ಮೂರು ವರ್ಷ ಕಳೆದ ಮೇಲೆ, 1854ರ ಆಗಸ್ಟ್‌ನಲ್ಲಿ, ವಲಸಿಗನೊಬ್ಬನ ಕುಂಟುಹಸು ಲಕೋಟ ಬಿಡಾರಕ್ಕೆ ನುಗ್ಗಿತು, ಅಲ್ಲಿದ್ದವನೊಬ್ಬ ಅದನ್ನು ಕೊಂದ. ಬದಲಿಗೆ ಪ್ರಾಣಿಯೊಂದನ್ನು ಕೊಡುತ್ತೇವೆ ಎಂದು ಮುಖಂಡ ಕಾಂಕರಿಂಗ್ ಬೇರ್ ಹೇಳಿದರೂ ಲೆಫ್ಟಿನೆಂಟ್ ಗ್ರಾಟನ್ ತೋಪು ತಂದು ನಿಲ್ಲಿಸಿದ. ಮುಖಂಡನಿಗೆ ಗುಂಡೇಟು ತಗುಲಿ ಅವನು ಉಳಿಯಲಿಲ್ಲ. ಗ್ರಾಟನ್ ಮತ್ತು ಅವನೊಂದಿಗೆ ಹೋಗಿದ್ದ 29 ಸೈನಿಕರು ಹತರಾದರು. ಮರುವರ್ಷ ಸೈನ್ಯ ಎಂಬತ್ತಕ್ಕೂ ಹೆಚ್ಚು ಲಕೋಟ ಜನರನ್ನು ಕೊಂದಿತು. ದಶಕಗಳ ಕಾಲ ನಡೆದ ಯುದ್ಧಕ್ಕೆ ಹೀಗೆ ಮೊದಲಾಯಿತು.

ನನ್ನನ್ನು ಬಹಳ ಕಾಡುವ ಪ್ರಶ್ನೆ ಬೇರೆ. ದಿನವೂ ಹುಲ್ಲು ಹುಡುಕಿ, ಹುಲ್ಲು ಅಳೆದು, ಹುಲ್ಲಿನಿಂದಲೇ ಪಾರಾದ ಇವರು ಹುಲ್ಲು ಬೆಳೆದ ನೆಲವನ್ನು ಯಾಕೆ ದಾಟಿ ಹೋದರು? ಲೋಕದ ಅತಿ ಫಲವತ್ತಾದ ಮಣ್ಣುಗಳಲ್ಲಿ ಒಂದರ ಮೇಲೆ ಗಾಡಿ ಓಡಿಸಿಕೊಂಡು ಹೊಲ ಹುಡುಕಲು ಹೊರಟಿದ್ದರು. ಮರ ಬೆಳೆದಲ್ಲಿ ಮಣ್ಣು ಒಳ್ಳೆಯದು, ಮರವಿಲ್ಲದ ನೆಲ ಬಂಜರು ಎಂಬುದು ಪೂರ್ವದ ಕಾಡುಸೀಮೆಯಿಂದ ಬಂದವರ ನಂಬಿಕೆ. 1820ರಲ್ಲಿ ಸ್ಟೀಫನ್ ಲಾಂಗ್ ಎಂಬ ಸೇನಾಧಿಕಾರಿ ಈ ಬಯಲಿನಲ್ಲಿ ತಿರುಗಾಡಿ ಬಂದ ಮೇಲೆ ತಯಾರಾದ ನಕ್ಷೆಯಲ್ಲಿ ‘ಮಹಾ ಅಮೆರಿಕನ್ ಮರುಭೂಮಿ’ ಎಂದೇ ಬರೆದಿತ್ತು. ಬೇಸಾಯಕ್ಕೆ ಆಗದ ನೆಲ ಎಂಬ ಆ ಮಾತು ಪಶ್ಚಿಮದ ಒಣಬಯಲಿನ ಮಟ್ಟಿಗೆ ಪೂರ್ತಿ ಸುಳ್ಳೂ ಅಲ್ಲ. ಬೇಸಾಯಕ್ಕೆ ಆಗದ್ದು ಯಾವುದಕ್ಕೂ ಆಗದ್ದು ಎಂದುಕೊಂಡದ್ದು ತಪ್ಪು.

ಈ ತಪ್ಪಿಗೆ ನಾವೂ ಹೊರತಲ್ಲ. ಮೈಸೂರು ಅರಸರು ಚಿತ್ರದುರ್ಗ, ತುಮಕೂರು, ಹಾಸನ, ಕಡೂರು ಸೀಮೆಗಳ ಹುಲ್ಲುಬಯಲುಗಳನ್ನು ಕಾವಲುಗಳೆಂದು ಕಾದಿಟ್ಟಿದ್ದರು. ಟಿಪ್ಪು ಕೊಟ್ಟ ಅಮೃತಮಹಲ್ ಎಂಬ ಹೆಸರು ಅಲ್ಲಿ ಮೇಯುತ್ತಿದ್ದ ದನದ ತಳಿಗೆ ಈಗಲೂ ಇದೆ. ಅದರ ಎತ್ತುಗಳು ತೋಪು ಎಳೆದು ಸೈನ್ಯ ನಡೆಸಿದ್ದು ಈ ಹುಲ್ಲಿನ ಬಲದಿಂದ. ಬೇಸಿಗೆಗೆ ಬೇರೆ ಕಾವಲು, ಮಳೆಗಾಲಕ್ಕೆ ಬೇರೆ, ಚಳಿಗಾಲಕ್ಕೆ ಬೇರೆ. ಹುಲ್ಲಿಗೆ ಉಸಿರಾಡಲು ಸಮಯ ಬೇಕೆಂಬ, ಓರೆಗಾನ್ ದಾರಿ ಕಲಿಯದ ಪಾಠ ಆ ವ್ಯವಸ್ಥೆಯಲ್ಲಿ ಮೊದಲೇ ಇತ್ತು. ಆದರೆ ಆಮೇಲಿನ ಕಾಲದಲ್ಲಿ ಕಾವಲು, ಗೋಮಾಳ ಎಂದರೆ ಪಾಳುಭೂಮಿ ಎಂಬಂತಾಯಿತು. ರಾಣೆಬೆನ್ನೂರಿನ ಕೃಷ್ಣಮೃಗಗಳ ಬಯಲಿನ ದೊಡ್ಡ ಭಾಗಕ್ಕೆ ನೀಲಗಿರಿ ನೆಟ್ಟರು. ಬಯಲಿಗೆ ಮರ ನೆಟ್ಟು ಉದ್ಧಾರ ಮಾಡಿದೆವು ಎಂದುಕೊಳ್ಳುವವರು ಅಲ್ಲಿ ಬದುಕಿದ್ದ ಎರಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯನ್ನು ನೆನೆಯಬೇಕು. ಬಯಲಿಲ್ಲದೆ ಆ ಹಕ್ಕಿಗೆ ಬಾಳಿಲ್ಲ.

ಹುಲ್ಲುಗಾವಲಿನ ಸಂಪತ್ತು ಕಣ್ಣಿಗೆ ಬೀಳದಿರುವುದಕ್ಕೆ ಸರಳ ಕಾರಣವಿದೆ. ಕಾಡು ತನ್ನ ಗಳಿಕೆಯನ್ನು ಕಾಂಡದಲ್ಲಿ, ಎಲ್ಲರಿಗೂ ಕಾಣುವಂತೆ ಇಡುತ್ತದೆ. ಹುಲ್ಲು ನೆಲದೊಳಗೆ ಹೂತಿಡುತ್ತದೆ. ನೆಬ್ರಾಸ್ಕಾ ವಿಶ್ವವಿದ್ಯಾಲಯದ ಜಾನ್ ವೀವರ್ ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಬಯಲಿನಲ್ಲಿ ಆಳುದ್ದದ ಕಂದಕ ತೋಡಿ, ಒಂದೊಂದೇ ಬೇರಿನ ಮಣ್ಣು ಬಿಡಿಸಿ, ಕಂಡದ್ದನ್ನು ಕಂಡಂತೆ ಚಿತ್ರ ಬರೆಸಿದರು. ಬಿಗ್ ಬ್ಲೂಸ್ಟೆಮ್‌ನ ಬೇರು ಎರಡು ಮೀಟರಿಗೂ ಕೆಳಗೆ ಇಳಿದಿತ್ತು. ಪ್ರತಿವರ್ಷ ಒಂದಷ್ಟು ಬೇರು ಸಾಯುತ್ತದೆ, ಕೊಳೆಯುತ್ತದೆ, ಹೊಸದು ಹುಟ್ಟುತ್ತದೆ. ಹತ್ತಾರು ಶತಮಾನ ಹೀಗೆ ನಡೆದು ಆ ಕಪ್ಪುಮಣ್ಣು ಆದದ್ದು. ಕಾಡಿಗೆ ಬೆಂಕಿ ಬಿದ್ದರೆ ನೆಲದ ಮೇಲೆ ಕೂಡಿಟ್ಟ ಇಂಗಾಲದಲ್ಲಿ ಒಂದು ಪಾಲು ಹೊಗೆಯಾಗುತ್ತದೆ. ಹುಲ್ಲಿಗೆ ಬೆಂಕಿ ಬಿದ್ದರೆ ಒಣಗರಿ ಸುಟ್ಟು ಹೋಗಿ, ಗಂಟು ಮಾತ್ರ ನೆಲದಡಿ ಹಾಗೇ ಉಳಿಯುತ್ತದೆ. ಮಳೆ ನೀರು ಇಳಿಯುವುದೂ ಬೇರು ಬಿಟ್ಟುಹೋದ ಅದೇ ಕೊಳವೆಗಳಲ್ಲಿ.

ಕೊನೆಗೆ ಅವರು ತಲುಪಿದ ಓರೆಗಾನ್‌ನ ವಿಲ್ಲಾಮೆಟ್ ಕಣಿವೆ, ಕನಸಿನ ಹೊಲ, ಅದೂ ಹುಲ್ಲುಬಯಲೇ ಆಗಿತ್ತು. ಅಲ್ಲಿನ ಕಲಪೂಯಾ ಜನ ವರ್ಷವರ್ಷ ಬೆಂಕಿಯಿಟ್ಟು ಮರ ಮುಚ್ಚಿಕೊಳ್ಳದಂತೆ ಕಾಪಾಡಿಕೊಂಡು ಬಂದ ಬಯಲು. 1830ರ ದಶಕದಲ್ಲಿ ಹೊರಗಿಂದ ಬಂದ ಮಲೇರಿಯಾ ಆ ಜನರಲ್ಲಿ ಬಹುಪಾಲನ್ನು ಕೊಂದಿತ್ತು. ಹೊಸಬರು ಬಂದು ನಿಂತಾಗ ಖಾಲಿ ಕಂಡ ನೆಲ ನಿನ್ನೆ ಮೊನ್ನೆಯವರೆಗೆ ಯಾರದೋ ಮನೆ.

ದಾಟಿಹೋದ ಬಯಲಿಗೂ ನೇಗಿಲು ಬಂತು. ಗಟ್ಟಿ ಬೇರಿನ ಹೆಣಿಗೆಯನ್ನು ಸೀಳಲು ಹಳೆಯ ನೇಗಿಲಿಗೆ ಆಗುತ್ತಿರಲಿಲ್ಲ. 1837ರಲ್ಲಿ ಜಾನ್ ಡಿಯರ್ ಮಾಡಿದ ಉಕ್ಕಿನ ನೇಗಿಲಿಗೆ ಮಣ್ಣು ಮೆತ್ತಿಕೊಳ್ಳಲಿಲ್ಲ. 1862ರ ಕಾಯ್ದೆ ಸಾಗುವಳಿ ಮಾಡುವವರಿಗೆ 160 ಎಕರೆ ಕೊಟ್ಟಿತು. ಒಣಬಯಲಿಗೆ ಜನ ಹೆದರಿದಾಗ, ನೇಗಿಲು ಹೋದಲ್ಲಿ ಮಳೆ ಹಿಂಬಾಲಿಸುತ್ತದೆ ಎಂದು ಓದಿದವರೇ ನಂಬಿಸಿದರು. ಕೆಲವು ವರ್ಷ ಮಳೆಯೂ ಬಂತು. ಟ್ರಾಕ್ಟರ್ ಬಂದ ಮೇಲೆ ದಕ್ಷಿಣದ ಬಯಲಿನ ಲಕ್ಷಗಟ್ಟಲೆ ಎಕರೆ ಹುಲ್ಲು ಮಗುಚಿ ಗೋಧಿಯಾಯಿತು. 1930ರ ದಶಕದಲ್ಲಿ ಬರ ಬಂದಾಗ ಮಣ್ಣನ್ನು ಹಿಡಿದಿಡಲು ಬೇರು ಇರಲಿಲ್ಲ. 1934ರ ಮೇ ತಿಂಗಳಲ್ಲಿ ಎದ್ದ ಧೂಳು ನ್ಯೂಯಾರ್ಕ್ ದಾಟಿ ಅಟ್ಲಾಂಟಿಕ್‌ನ ಹಡಗುಗಳ ಮೇಲೆ ಬಿತ್ತು. 1935ರ ಏಪ್ರಿಲ್ 14ರ ಭಾನುವಾರ ಹಾಡುಹಗಲೇ ಕತ್ತಲಾಯಿತು. ಎರಡೇ ವಾರದೊಳಗೆ ಮಣ್ಣು ರಕ್ಷಣೆಯ ಕಾಯ್ದೆ ಬಂತು. ಸರ್ಕಾರ ಹಾಳಾದ ಹೊಲಗಳನ್ನು ಕೊಂಡು ಮತ್ತೆ ಹುಲ್ಲು ಬಿತ್ತಿತು. ಯಾರೂ ಬಿತ್ತದೆ ಬೆಳೆದಿದ್ದಕ್ಕೆ ಈಗ ಬೀಜ, ಕೂಲಿ, ವರ್ಷಗಳ ಕಾಯುವಿಕೆ.

ಉದ್ದಹುಲ್ಲಿನ ಬಯಲಿನಲ್ಲಿ ಇವತ್ತು ಉಳಿದಿರುವುದು ನೂರಕ್ಕೆ ನಾಲ್ಕು ಪಾಲಿಗಿಂತ ಕಡಿಮೆ. ಉಳಿದದ್ದರಲ್ಲಿ ಬಹುಪಾಲು ಕಾನ್ಸಾಸ್‌ನ ಫ್ಲಿಂಟ್ ಹಿಲ್ಸ್‌ನಲ್ಲಿದೆ, ಅದೂ ಮಣ್ಣಿನಡಿ ಚಕಮಕಿ ಕಲ್ಲು ಇದ್ದು ನೇಗಿಲು ಇಳಿಯದ್ದರಿಂದ. ನೆಬ್ರಾಸ್ಕಾದ ಸ್ಯಾಂಡ್‌ಹಿಲ್ಸ್ ಕೂಡ ಉಳಿದಿದೆ. ಸುಮಾರು ಐವತ್ತು ಸಾವಿರ ಚದರ ಕಿಲೋಮೀಟರ್ ಮರಳುದಿಬ್ಬ, ಮೇಲೆ ತೆಳುವಾದ ಹುಲ್ಲುಹೊದಿಕೆ. ಹೊದಿಕೆ ಹರಿದಲ್ಲಿ ಮರಳು ನಡೆಯತೊಡಗುತ್ತದೆ. ಅಲ್ಲಿ ಬೀಳುವ ಮಳೆ ಹುಲ್ಲಿನ ನಡುವೆ ಇಂಗಿ ಕೆಳಗಿನ ಒಗಲಾಲ ಅಂತರ್ಜಲಕ್ಕೆ ಸೇರುತ್ತದೆ. ಆ ನೀರಿನಿಂದ ಎಷ್ಟೋ ದೂರದ ಹೊಲಗಳಲ್ಲಿ ಬೋರ್‌ವೆಲ್ ಓಡುತ್ತಿದೆ.

ಆ ಗಾಡಿದಾರಿಗಳೂ ಪೂರ್ತಿ ಅಳಿದಿಲ್ಲ. ವಯೋಮಿಂಗ್‌ನ ಗರ್ನ್ಸಿ ಬಳಿ ಮರಳುಗಲ್ಲಿನಲ್ಲೇ ಚಕ್ರ, ಗೊರಸುಗಳು ಐದಡಿ ಆಳದ ಕಾಲುವೆ ಕೊರೆದಿವೆ. ಮಣ್ಣುನೆಲದಲ್ಲಿ ದಾರಿ ಉಳಿದಿರುವುದು ಬಹುಮಟ್ಟಿಗೆ ನೇಗಿಲು ಬೀಳದ ಕಡೆ. ಕಾನ್ಸಾಸ್‌ನ ನೈಋತ್ಯ ಮೂಲೆಯ ಸಿಮರಾನ್ ಎಂಬ ಸರ್ಕಾರಿ ಹುಲ್ಲುಗಾವಲು ಧೂಳಿನ ದಶಕದಲ್ಲಿ ತೀರಾ ನಲುಗಿದ್ದ ಸೀಮೆ. ಮಿಸೌರಿಯಿಂದ ಸಾಂಟಾ ಫೆಗೆ ವ್ಯಾಪಾರದ ಗಾಡಿಗಳು ಹೋಗುತ್ತಿದ್ದ ಹಳೆಯ ದಾರಿಯ 37 ಕಿಲೋಮೀಟರ್ ಈಗಲೂ ಅದರೊಳಗಿದೆ. ನಡುಹಗಲಲ್ಲಿ ನೋಡಿದರೆ ಬರೀ ಬಯಲು. ಹೊತ್ತು ಇಳಿದು ಬಿಸಿಲು ಓರೆಯಾಗಿ ಬಿದ್ದಾಗ, ಹುಲ್ಲಿನ ನಡುವೆ ಗಾಡಿಗಳು ಸಾಲಾಗಿ ಹೋದ ಅಗಲವಾದ ತಗ್ಗು ನೆರಳು ತುಂಬಿಕೊಂಡು ಪಶ್ಚಿಮಕ್ಕೆ ಚಾಚಿರುವುದು ಕಾಣುತ್ತದೆ.